ಬ್ಯಾಟರಿಗೆ ನೂರಾ ಏಳು ಡಿಗ್ರಿ ಜ್ವರ

ಹೆದರುವುದಕ್ಕೂ ಪುರುಸೊತ್ತು ಬೇಕು. ಈ ಸತ್ಯ ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಕೆಲಸದಲ್ಲಿದ್ದಾಗ ನಾನೇನೂ ಧೈರ್ಯವಂತನಾಗಿರಲಿಲ್ಲ. ಆದರೆ ಬೆಳಿಗ್ಗೆ ಮಾಂಬಲಂ ಸ್ಟೇಷನ್ನಿಗೆ ಓಡಿ ಲೋಕಲ್ ರೈಲು ಹಿಡಿಯಬೇಕು, ಸಂಜೆ ಬರುತ್ತಾ ತರಕಾರಿ ತರಬೇಕು, ಮಗಳ ಫೀಸು ಕಟ್ಟಬೇಕು. ಇವುಗಳ ನಡುವೆ ಸಿಕ್ಕಷ್ಟು ಹೊತ್ತಿನಲ್ಲಿ ಹೆದರಿ ಮುಗಿಸಬೇಕಾಗಿತ್ತು. ಗ್ಯಾಸ್ ಸಿಲಿಂಡರಿಗೆ ಐದು ನಿಮಿಷ, ಗೀಸರಿಗೆ ಐದು ನಿಮಿಷ, ಮಲಗುವ ಮುಂಚೆ ಸೀಲಿಂಗ್ ಫ್ಯಾನಿನ ಕೊಕ್ಕೆಗೆ ಎರಡು ನಿಮಿಷ, ಅಷ್ಟೇ. ನಿವೃತ್ತಿಯಾದ ಮಾರನೆಯ ದಿನದಿಂದ ಇಡೀ ದಿನ ನನ್ನದಾಯಿತು. ಅಲ್ಲಿಯವರೆಗೆ ಹವ್ಯಾಸವಾಗಿದ್ದದ್ದು ಉದ್ಯೋಗವಾಯಿತು.

ಕಾರಣವಿಲ್ಲದೆ ಹೆದರುವವನಲ್ಲ ನಾನು. ಮೂವತ್ತು ವರ್ಷಕ್ಕೂ ಮಿಕ್ಕಿ ಒಂದು ವಿಮಾ ಕಚೇರಿಯ ಬೆಂಕಿ ವಿಭಾಗದಲ್ಲಿ ಗುಮಾಸ್ತನಾಗಿದ್ದೆ. ಬೆಂಕಿಯನ್ನು ಕಣ್ಣಾರೆ ಕಂಡದ್ದು ಒಲೆಯಲ್ಲಿ ಮಾತ್ರ; ಉಳಿದದ್ದೆಲ್ಲ ಫೈಲಿನಲ್ಲಿ ಓದಿದ ಬೆಂಕಿ. ಅದು ನಿಜವಾದ ಬೆಂಕಿಗಿಂತ ಕೆಟ್ಟದ್ದು, ಏಕೆಂದರೆ ಆರುವುದೇ ಇಲ್ಲ. ಸುಟ್ಟುಹೋದ ಗೋದಾಮಿನವನಿರಲಿ, ಕರಕಲಾದ ಜವಳಿ ಅಂಗಡಿಯವನಿರಲಿ, ಎಲ್ಲರ ಹೇಳಿಕೆಯೂ ಶುರುವಾಗುತ್ತಿದ್ದದ್ದು ಒಂದೇ ವಾಕ್ಯದಿಂದ: ಆ ದಿನ ಎಲ್ಲವೂ ಎಂದಿನಂತೆಯೇ ಇತ್ತು. ಹೀಗಾಗಿ ಮನೆಯಲ್ಲಿ ಎಲ್ಲವೂ ಎಂದಿನಂತೆ ಇದ್ದರೆ ನನ್ನ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ನನ್ನ ಹೆಂಡತಿ ಪದ್ಮ ಒಮ್ಮೊಮ್ಮೆ ಕೇಳುತ್ತಾಳೆ, "ಯಾಕ್ರೀ, ಹೀಗೆ ಬೆವರ್ತಿದೀರಾ?" ನಾನು ಹೇಳುತ್ತೇನೆ, "ಎಲ್ಲಾ ಸರಿಯಾಗಿದೆ ಕಣೇ, ಅದಕ್ಕೇ."

ನಮ್ಮದು ವೆಸ್ಟ್ ಮಾಂಬಲಂನ ಓಣಿಯೊಂದರಲ್ಲಿ ಮೂರನೆಯ ಮಹಡಿಯ ಫ್ಲಾಟು. ಮೇಲೆ ಬರೀ ಮೊಟ್ಟೆ ಮಾಡಿ, ಅಂದರೆ ತಾರಸಿ. ತಾತ ಕೋಲಾರದ ಕಡೆಯಿಂದ ಕೆಲಸಕ್ಕೆಂದು ಮದರಾಸಿಗೆ ಬಂದವರು, ಹಿಂದಿರುಗಲಿಲ್ಲ. ನಾವು ಮನೆಯಲ್ಲಿ ಕನ್ನಡ ಎಂದುಕೊಂಡು ಏನೋ ಒಂದನ್ನು ಆಡುತ್ತೇವೆ, ಮಗಳು ಹರಿಣಿ ಅದನ್ನು ಪೂರ್ತಿ ಅರ್ಥಮಾಡಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಮನೆಯ ಹಿರಿಯಳು ನನ್ನ ಸೋದರತ್ತೆ ಕಮಲತ್ತೆ. ನನ್ನ ಹನ್ನೊಂದನೆಯ ವಯಸ್ಸಿನಲ್ಲಿ ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಈ ಕತೆ ನಡೆದಾಗ ಅವಳಿಗೆ ಎಪ್ಪತ್ತೆಂಟು. ಒಂದು ಹಿಡಿ ದೇಹ, ಗಟ್ಟಿ ಮಾತು, ಮತ್ತು ಹಳೆಯ ಉಬ್ಬಸ. ಕೆಮ್ಮು ಹತ್ತಿ ಎದೆ ಸಿಳ್ಳೆ ಹಾಕಲು ಶುರುವಾದರೆ ನೆಬ್ಯುಲೈಸರ್ ಹಚ್ಚಬೇಕು. ಸಣ್ಣ ಪೆಟ್ಟಿಗೆ, ಗುರ್ರ್ ಎಂದು ಸದ್ದುಮಾಡುತ್ತಾ ಔಷಧಿಯನ್ನು ಹೊಗೆಯಂತೆ ಮಾಡಿ ಮುಖವಾಡದೊಳಕ್ಕೆ ಕಳಿಸುತ್ತದೆ. ಹತ್ತು ನಿಮಿಷದಲ್ಲಿ ಉಸಿರು ಸರಾಗ. ಆದರೆ ಅದಕ್ಕೆ ಕರೆಂಟು ಬೇಕು.

ಎರಡು ಸಾವಿರದ ಎಂಟೋ ಒಂಬತ್ತೋ ಇಸವಿ. ಮದರಾಸಿನಲ್ಲಿ ದಿನಾ ಕರೆಂಟು ತೆಗೆಯುವ ಕಾಲ. ನಮ್ಮ ಬೀದಿಯ ಪಾಲಿಗೆ ಬಂದದ್ದು ಮಧ್ಯಾಹ್ನ ಹನ್ನೆರಡರಿಂದ ಎರಡು. ಅತ್ತೆಯ ಉಬ್ಬಸ ಎದ್ದೇಳುತ್ತಿದ್ದದ್ದೂ ಸರಿಯಾಗಿ ಅದೇ ಹೊತ್ತಿಗೆ, ಫ್ಯಾನು ನಿಂತು ಸೆಕೆ ಏರಿದಾಗ. ಇನ್‌ವರ್ಟರ್ ಹಾಕಿಸಿದ್ದರೆ ಸಾಕಾಗುತ್ತಿತ್ತು. ಆದರೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರು, "ಮದರಾಸಿನಲ್ಲಿ ಪುಕ್ಕಟೆ ಸಿಗೋದು ಬಿಸಿಲೊಂದೇ, ಅದನ್ನೂ ಬಿಡ್ತೀರಲ್ಲಾ" ಎಂದರು. ಬಿಡಬಾರದೆನಿಸಿತು. ಸೆಲ್ವಂ ಎಂಬ ಸೋಲಾರ್ ಮೆಕ್ಯಾನಿಕ್ ಬಂದು ತಾರಸಿಯ ಮೇಲೆ ಎರಡು ಫಲಕ ನಿಲ್ಲಿಸಿ, ಮೆಟ್ಟಿಲ ತುದಿಯ ಶೀಟು ಹೊದಿಸಿದ ಗೂಡಿನಲ್ಲಿ ಒಂದು ದೊಡ್ಡ ಬ್ಯಾಟರಿಯನ್ನು ಕೂರಿಸಿ, ಮನೆಯೊಳಕ್ಕೆ ತಂತಿ ಎಳೆದು ಹೋದ. ಮೊದಲನೆಯ ದಿನ ಮಧ್ಯಾಹ್ನ ಬೀದಿಗೆಲ್ಲ ಕರೆಂಟು ಹೋದಾಗ ನಮ್ಮ ಫ್ಯಾನು ತಿರುಗುತ್ತಿತ್ತು, ಅತ್ತೆಯ ಯಂತ್ರ ಗುರುಗುಟ್ಟುತ್ತಿತ್ತು. ಮನೆಯವರೆಲ್ಲ ಖುಷಿಯಾಗಿದ್ದರು. ಎಲ್ಲವೂ ಸರಿಯಾಗಿತ್ತು. ಆದ್ದರಿಂದ ನಾನು ಬ್ಯಾಟರಿಯ ಜೊತೆ ಬಂದಿದ್ದ ಪುಸ್ತಿಕೆಯನ್ನು ತೆಗೆದು ಓದಲು ಕುಳಿತೆ.

ಆ ಪುಸ್ತಿಕೆಯನ್ನು ಯಾರೂ ಓದುವುದಿಲ್ಲ ಎಂಬ ಭರವಸೆಯಿಂದಲೇ ಬರೆದಿರಬೇಕು. ಬ್ಯಾಟರಿಗೆ ಹಿತವಾದ ಉಷ್ಣತೆ ಇಪ್ಪತ್ತೈದು ಡಿಗ್ರಿ ಎಂದಿತ್ತು. ಮದರಾಸಿನಲ್ಲಿ ಇಪ್ಪತ್ತೈದು ಡಿಗ್ರಿಯನ್ನು ಮಾರ್ಗಶಿರದ ಬೆಳಗಿನ ಜಾವ ಹಾಲಿನವನು ಬಿಟ್ಟರೆ ಬೇರೆ ಯಾರೂ ಕಂಡಿಲ್ಲ. ಅದಕ್ಕಿಂತ ಹತ್ತು ಡಿಗ್ರಿ ಹೆಚ್ಚಾದರೆ ಬ್ಯಾಟರಿಯ ಆಯುಷ್ಯ ಅರ್ಧ, ಇನ್ನು ಹತ್ತು ಹೆಚ್ಚಾದರೆ ಅರ್ಧದಲ್ಲಿ ಅರ್ಧ. ನಾನು ಹುಟ್ಟಿದಾಗಿನಿಂದ ಮದರಾಸಿನಲ್ಲೇ ಇದ್ದೇನೆ. ಈ ಲೆಕ್ಕದಲ್ಲಿ ನನ್ನ ಆಯುಷ್ಯ ಎಷ್ಟು ಸಲ ಅರ್ಧವಾಗಿರಬೇಕು ಎಂದು ಯೋಚಿಸಿ ಒಂದು ಲೋಟ ನೀರು ಕುಡಿದೆ. ಮುಂದಿನ ಪುಟ ಇನ್ನೂ ಭಯಂಕರ. ಚಳಿಯಲ್ಲಿ ಬ್ಯಾಟರಿ ಮಂಕಾಗುತ್ತದೆಯಂತೆ. ಬಿಸಿಯಲ್ಲಿ ಎಂದಿಗಿಂತ ಹುರುಪಾಗಿ ಕೆಲಸ ಮಾಡುತ್ತದೆಯಂತೆ, ಆದರೆ ಒಳಗೊಳಗೇ ಸವೆಯುತ್ತಿರುತ್ತದೆಯಂತೆ. ಅಂದರೆ ಫ್ಯಾನು ಜೋರಾಗಿ ತಿರುಗಿದರೆ ಅದೇ ಅಪಾಯದ ಸೂಚನೆ! ಬಿಸಿಯಾದ ಬ್ಯಾಟರಿಗೆ ಮತ್ತೂ ಚಾರ್ಜು ತುಂಬುತ್ತಾ ಹೋದರೆ ಒಳಗಿನ ನೀರು ಕುದಿದು ಅನಿಲವಾಗುತ್ತದೆ, ಆ ಅನಿಲಕ್ಕೆ ಕಿಡಿ ತಗುಲಿದರೆ ಸಿಡಿಯುತ್ತದೆ. ನಲವತ್ತು ಡಿಗ್ರಿ ದಾಟಿದರೆ ಕೆಲಸ ನಿಲ್ಲಿಸಿ ಆರಲು ಬಿಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಕ್ಷಣ ಸ್ವಿಚ್ ಆರಿಸಿ.

ಈ ಕೊನೆಯ ಸೂಚನೆ ನನ್ನ ನಿದ್ದೆ ಕೆಡಿಸಿತು. ನಮ್ಮ ಮನೆಗೆ ಮೂರು ತಲೆಮಾರಿನಿಂದ ಮೊಟ್ಟೆ ಬಂದಿಲ್ಲ. ಒಳ್ಳೆಯ ಮೊಟ್ಟೆಯ ವಾಸನೆಯೇ ಗೊತ್ತಿಲ್ಲದವರಿಗೆ ಕೊಳೆತದ್ದು ಹೇಗೆ ಗೊತ್ತಾಗಬೇಕು? ಸೆಲ್ವಂಗೆ ಫೋನು ಮಾಡಿ ಕೇಳಿದೆ. ಪಾಪ, ತುಂಬಾ ಯೋಚಿಸಿ, ಅದು ಒಂಥರಾ ಮುಳ್ಳಂಗಿ ಸಾಂಬಾರಿನ ಹಾಗಿರುತ್ತದೆ ಸಾರ್ ಎಂದ. ಅಂದಿನಿಂದ ಮೂಲಂಗಿ ಹುಳಿ ನಮ್ಮ ಮನೆಯಲ್ಲಿ ಬಂದ್. ಕೆಳಗಿನ ಮನೆಯಲ್ಲಿ ಮಾಡಿದರೂ ನಾನು ಮೂಗು ಅರಳಿಸಿಕೊಂಡು ತಾರಸಿಗೆ ಓಡುತ್ತಿದ್ದೆ. ಎಲೆಕೋಸು, ಹಿಂಗು, ಹರಿಣಿಯ ಕೂದಲಿಗೆ ಹಚ್ಚುವ ಏನೋ ಒಂದು ಎಣ್ಣೆ, ಎಲ್ಲವನ್ನೂ ಅನುಮಾನಿಸಿದೆ. ಸಾಲದ್ದಕ್ಕೆ ಕೊಳೆತ ಮೊಟ್ಟೆಯನ್ನು ಒಮ್ಮೆ ಮೂಸಿ ನೋಡಿ ಕಲಿತುಬಿಡೋಣವೆಂದು ನಾನು ಮೂಲೆಯ ಅಂಗಡಿಯ ಮುಂದೆ ಎರಡು ಸಲ ನಿಂತು, ಬಾಯಿ ಬಾರದೆ ಬೆಂಕಿಪೊಟ್ಟಣ ಕೊಂಡು ವಾಪಸಾದೆ. ಕಿಡಿಗೆ ಹೆದರುವವನ ಮನೆಯಲ್ಲಿ ಎರಡು ಬೆಂಕಿಪೊಟ್ಟಣ ಹೆಚ್ಚಾದವು.

ಮೂಗನ್ನು ನಂಬುವಂತಿಲ್ಲ ಎಂದಾದ ಮೇಲೆ ಅಳತೆಯನ್ನೇ ಹಿಡಿಯಬೇಕಾಯಿತು. ಮನೆಯಲ್ಲಿದ್ದದ್ದು ಜ್ವರ ನೋಡುವ ಪಾದರಸದ ಥರ್ಮಾಮೀಟರ್. ಅದನ್ನು ಬಳಸುವುದರಲ್ಲಿ ನಮ್ಮ ಮನೆಯಲ್ಲಿ ಹಿಂದಿನಿಂದಲೂ ಒಂದು ಪದ್ಧತಿಯಿದೆ. ಅತ್ತೆ ಕೈಬಳೆ ಮೇಲೇರಿಸಿಕೊಂಡು ಅದನ್ನು ಏನೋ ಮಾಡಿ ಬಾಯಿಗೆ ಇಡುತ್ತಾಳೆ, ನಾನು ಕಿಟಕಿಯ ಬೆಳಕಿಗೆ ಹಿಡಿದು ಓದುತ್ತೇನೆ. ಹುಡುಗನಾಗಿದ್ದಾಗ ನನ್ನ ಕಣ್ಣು ಚುರುಕಾಗಿತ್ತು, ಓದುವ ಕೆಲಸ ನನಗೆ ಬಂತು. ಐವತ್ತು ವರ್ಷವಾದರೂ ಅದೇ ನಡೆದುಕೊಂಡು ಬಂದಿದೆ. ಈ ಸಲ ಮಾತ್ರ ಅತ್ತೆಗೆ ಹೇಳದೆ ಒಬ್ಬನೇ ಮೇಲೆ ಹೋದೆ. ನಡುಮಧ್ಯಾಹ್ನ. ಶೀಟಿನ ಗೂಡಿನಲ್ಲಿ ಕಾಲಿಡಲಾಗದ ಧಗೆ. ಬ್ಯಾಟರಿಯ ಮೈಗೆ ಥರ್ಮಾಮೀಟರ್ ಒತ್ತಿ ಹಿಡಿದು, ಐದು ನಿಮಿಷ ಬಿಟ್ಟು ಓದಿದೆ. ನೂರಾ ಏಳು. ಸೆಂಟಿಗ್ರೇಡಿಗೆ ತಂದರೆ ನಲವತ್ತು ದಾಟಿತ್ತು. ಬೆಂಕಿ ವಿಭಾಗದ ಫೈಲುಗಳೆಲ್ಲ ಕಣ್ಣೆದುರು ತೆರೆದುಕೊಂಡವು. ಎಲ್ಲದರಲ್ಲೂ ನನ್ನದೇ ವಿಳಾಸ.

ಸೆಲ್ವಂ ಬಂದು ಕೈಯಿಟ್ಟು ನೋಡಿ ನಕ್ಕ. "ಒನ್ನುಂ ಆಗಾದು ಸಾರ್, ಇದು ಮೆಡ್ರಾಸ್ ಬ್ಯಾಟರಿ, ವೆಯಿಲ್ ಪಳಕ್ಕಂ" ಎಂದ. ಏನೂ ಆಗುವುದಿಲ್ಲ, ಇದಕ್ಕೆ ಬಿಸಿಲು ಅಭ್ಯಾಸ ಎಂದು ಅರ್ಥ. ಹಾಗೆ ಹೇಳಿದವರ ಫೈಲನ್ನೂ ನಾನು ಓದಿದ್ದೇನೆ. ಕೊನೆಗೆ ನನ್ನ ಕಾಟ ತಡೆಯಲಾರದೆ, ಗೂಡಿನಲ್ಲಿ ಗಾಳಿಯಾಡುವುದಿಲ್ಲ, ತಂಪಾದ ಜಾಗಕ್ಕೆ ಇಳಿಸುವುದು ಒಳ್ಳೆಯದೇ ಎಂದು ಒಪ್ಪಿದ. ನಮ್ಮ ಫ್ಲಾಟಿನಲ್ಲಿ ತಂಪಾದ ಜಾಗ ಒಂದೇ, ಉತ್ತರದ ಕಡೆಯ ದೇವರ ಮನೆ. ಅಲ್ಲಿ ಜಾಲರಿ ಕಿಟಕಿಯಿದೆ, ಬಿಸಿಲು ಬೀಳುವುದಿಲ್ಲ. ಸೆಲ್ವಂ ಮತ್ತು ವಾಚ್‌ಮನ್ ಸೇರಿ ಅದನ್ನು ಹೊತ್ತು ತಂದು ಅಲ್ಲಿಟ್ಟರು. ಆದರೆ ಅಲ್ಲಿ ದೀಪ ಹಚ್ಚುವಂತಿಲ್ಲ, ಅನಿಲಕ್ಕೆ ಕಿಡಿ ತಗುಲಿದರೆ? ಅತ್ತೆಗೆ ಇದನ್ನು ಹೇಗೆ ಹೇಳುವುದೆಂದು ನಾನು ತಡವರಿಸುತ್ತಿರುವಾಗ ಅವಳೇ ದೇವರ ಪೆಟ್ಟಿಗೆಯನ್ನೂ ದೀಪವನ್ನೂ ಎತ್ತಿಕೊಂಡು ಬಂದು ಊಟದ ಮನೆಯ ಗೂಡಿನಲ್ಲಿಟ್ಟಳು. "ದೇವರು ಎಲ್ಲಿಟ್ರೂ ಇರ್ತಾನೆ ಕಣೋ ಸೀನು. ಅವನಿಗೆ ಸೆಕೆ ಆದ್ರೆ ಯಾರಿಗೂ ಹೇಳಲ್ಲ. ನೀನು ಮೊದ್ಲು ಇದಕ್ಕೆ ಜಾಗ ಮಾಡು" ಎಂದಳು.

ಸಂಜೆ ದೇವರ ಮನೆಯಲ್ಲಿ ಮತ್ತೆ ಥರ್ಮಾಮೀಟರ್ ಇಟ್ಟೆ. ನೂರಾ ಏಳು. ಮಾರನೆಯ ಬೆಳಿಗ್ಗೆ ಇಟ್ಟೆ. ನೂರಾ ಏಳು. ಒದ್ದೆ ಗೋಣಿ ತಾಟನ್ನು ಸುತ್ತಲೂ ಹಾಸಿದೆ, ನಡುಮನೆಯಲ್ಲಿದ್ದ ಟೇಬಲ್ ಫ್ಯಾನನ್ನು ತಂದು ಅದರ ಕಡೆಗೆ ತಿರುಗಿಸಿದೆ. ಆ ಫ್ಯಾನು ಓಡುತ್ತಿದ್ದದ್ದು ಅದೇ ಬ್ಯಾಟರಿಯಿಂದ ಎಂದು ಹರಿಣಿ ತೋರಿಸಿಕೊಟ್ಟಳು. ಒಂದು ಹಾಳೆಗೆ ಗೆರೆ ಹಾಕಿ ಆಸ್ಪತ್ರೆಯ ಚಾರ್ಟಿನಂತೆ ಮೂರು ಹೊತ್ತು ಬರೆದುಕೊಂಡೆ. ಗೆರೆ ನೇರವಾಗಿ ನೂರಾ ಏಳರ ಮೇಲೇ ಹೋಗುತ್ತಿತ್ತು. ಹರಿಣಿ ಅದನ್ನು ನೋಡಿ, "ಟೈಫಾಯ್ಡಾ ಇರುಕ್ಕುಮೋ ಅಪ್ಪಾ? ಮಾತ್ತಿರೆ ಕುಡುಕ್ಕಲಾಮಾ?" ಎಂದಳು; ಟೈಫಾಯ್ಡ್ ಇರಬಹುದೇ, ಮಾತ್ರೆ ಕೊಡೋಣವೇ ಎಂದು ಕೇಳಿದ್ದು. ಇಂಥ ಸಮಯದಲ್ಲಿ ನಗುವವರನ್ನು ಕಂಡರೆ ನನಗೆ ಮತ್ತೂ ಭಯವಾಗುತ್ತದೆ. ನಾನು ತೀರ್ಮಾನಕ್ಕೆ ಬಂದೆ: ಜ್ವರ ಬಂದವರಿಗೆ ವಿಶ್ರಾಂತಿ ಬೇಕು. ದಿನಾ ಹನ್ನೊಂದೂವರೆಗೆ ತಾರಸಿಗೆ ಹೋಗಿ ಫಲಕಗಳ ಮೇಲೆ ಹಳೆಯ ಜಮಖಾನ ಹೊದಿಸುತ್ತಿದ್ದೆ, ಕೆಳಗೆ ಬಂದು ಬ್ಯಾಟರಿಯ ಸ್ವಿಚ್ ಆರಿಸುತ್ತಿದ್ದೆ. ಸೂರ್ಯನಿಗಾಗಿ ಹಾಕಿಸಿದ ಫಲಕಕ್ಕೆ ಸೂರ್ಯ ಬೀಳದಂತೆ ಹೊದಿಕೆ. ಎರಡು ಗಂಟೆಗೆ ಬೀದಿಯ ಕರೆಂಟು ಬಂದ ಮೇಲೆ ಸ್ವಿಚ್ ಹಾಕುತ್ತಿದ್ದೆ.

ಹಾಗಾದರೆ ಮಧ್ಯಾಹ್ನ ಅತ್ತೆಯ ಗತಿಯೇನು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. "ನಂಗೆ ಈಗ ಪರವಾಗಿಲ್ಲ ಕಣೋ. ಹಿಂದಿನ ಬೀದೀಲಿ ಪಾರಾಯಣ ಶುರು ಮಾಡಿದಾರೆ, ಹನ್ನೆರಡಕ್ಕೆ ಹೋಗಿ ಕೂತ್ಕೊಂಡ್ರೆ ಹೊತ್ತು ಹೋಗತ್ತೆ. ಬ್ಯಾಟರಿ ಪಾಪ, ಮಲಗಲಿ" ಎಂದಳು. ಕೊಡೆ ಹಿಡಿದು, ಮೂರು ಮಹಡಿ ಇಳಿದು, ದಿನಾ ಹೋಗುತ್ತಿದ್ದಳು. ಎರಡು ಗಂಟೆಗೆ ಬರುವಾಗ ಮುಖ ಕೆಂಪಾಗಿರುತ್ತಿತ್ತು, ಉಸಿರು ಮಾತ್ರ ಸಲೀಸಾಗಿರುತ್ತಿತ್ತು. ಪಾರಾಯಣದ ಮಹಿಮೆ ಎಂದುಕೊಂಡೆ. ಹೀಗೆ ಎರಡು ವಾರಕ್ಕೂ ಹೆಚ್ಚು ನಡೆಯಿತು. ಮೇ ತಿಂಗಳು, ಕತ್ತರಿ ಬಿಸಿಲು, ಅಂದರೆ ಮದರಾಸಿನ ಬೇಸಿಗೆಯ ತುತ್ತತುದಿ.

ಒಂದು ದಿನ ಕೊಡೆ ಕೈಯಲ್ಲಿ ಹಿಡಿದವಳು ಚಪ್ಪಲಿ ಮೆಟ್ಟುವುದಕ್ಕೆ ಬಾಗಿದಳು, ಬಾಗಿದವಳು ಹಾಗೇ ಹೊಸ್ತಿಲ ಹತ್ತಿರ ಕುಳಿತುಬಿಟ್ಟಳು. ಎದೆಯ ಸಿಳ್ಳೆ ನನಗೆ ದೇವರ ಮನೆಯವರೆಗೆ ಕೇಳಿಸಿತು. ಕರೆಂಟು ಆಗಷ್ಟೇ ಹೋಗಿತ್ತು. ಪದ್ಮ ಅಡಿಗೆಮನೆಯಿಂದ ಓಡಿ ಬಂದು ಅತ್ತೆಯನ್ನು ಗೋಡೆಗೆ ಒರಗಿಸಿದಳು, ನೆಬ್ಯುಲೈಸರ್ ತಂದು ಪ್ಲಗ್ಗು ಚುಚ್ಚಿದಳು, ಔಷಧಿ ಸುರಿದಳು. "ಏನ್ರೀ, ಸ್ವಿಚ್ ಹಾಕ್ರೀ!" ಎಂದು ಕೂಗಿದಳು. ಸ್ವಿಚ್ಚು ನನ್ನ ಮೂಗಿನ ಮುಂದೆಯೇ ಇತ್ತು. ಕೈಯಲ್ಲಿ ಥರ್ಮಾಮೀಟರ್. ನೂರಾ ಏಳು. ಅತ್ತೆಯ ಕಡೆ ನೋಡಿದೆ. ಅವಳ ತುಟಿ ನೀಲಿಯಾಗುತ್ತಿತ್ತು. ಬ್ಯಾಟರಿಯ ಕಡೆ ನೋಡಿದೆ. ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯದೇ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೂ ಬರೆಯುತ್ತೇನೆ. "ಒಂದೈದು ನಿಮಿಷ ಆರಲಿ ಪದ್ಮಾ" ಎಂದೆ.

ಪದ್ಮ ಎದ್ದು ಬಂದಳು, ನನ್ನನ್ನು ಭುಜದಿಂದ ಪಕ್ಕಕ್ಕೆ ತಳ್ಳಿದಳು, ಸ್ವಿಚ್ ಹಾಕಿದಳು. ನಾನು ಕಣ್ಣು ಮುಚ್ಚಿ, ಎರಡೂ ಕಿವಿಗೆ ಬೆರಳಿಟ್ಟುಕೊಂಡು ಬಾಗಿಲ ಸಂದಿಯಲ್ಲಿ ಕುಳಿತೆ. ಕಿವಿ ಬಿಟ್ಟಾಗ ಕೇಳಿಸಿದ್ದು ನೆಬ್ಯುಲೈಸರಿನ ಗುರುಗುಟ್ಟುವಿಕೆಯೊಂದೇ. ಬ್ಯಾಟರಿ ತಣ್ಣಗೆ ಕುಳಿತಿತ್ತು. ಹತ್ತು ನಿಮಿಷದಲ್ಲಿ ಅತ್ತೆಯ ತುಟಿಗೆ ಬಣ್ಣ ಬಂತು. ಅವಳು ಮುಖವಾಡವನ್ನು ಸ್ವಲ್ಪ ಸರಿಸಿ, ನನ್ನನ್ನು ಕರೆದು, ಕೈಯಲ್ಲಿದ್ದ ಥರ್ಮಾಮೀಟರ್ ಕೊಡು ಎಂದಳು. ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದಳು. "ಒದರಿದ್ಯೇನೋ ಇದನ್ನ?" ಎಂದಳು. ನನಗೆ ಅರ್ಥವಾಗಲಿಲ್ಲ. "ಪಾದರಸ ತಾನಾಗಿ ಇಳಿಯಲ್ಲ ಕಣೋ. ಏರಿದ್ದು ಏರಿದ ಹಾಗೇ ನಿಂತಿರತ್ತೆ. ಒದರಿ ಇಳಿಸ್ಬೇಕು" ಎಂದು ಬಳೆ ಮೇಲೇರಿಸಿಕೊಂಡು ನಾಲ್ಕು ಸಲ ಒದರಿಕೊಟ್ಟಳು. ಬ್ಯಾಟರಿಯ ಮೈಗಿಟ್ಟು ನೋಡಿದೆ. ತೊಂಬತ್ತಾರಕ್ಕೂ ಒಂದು ಗೆರೆ ಕೆಳಗೆ. ನನಗಿಂತ ಅದೇ ತಂಪಾಗಿತ್ತು. ತಾರಸಿಯ ಗೂಡಿನಲ್ಲಿ ಮೊದಲ ದಿನ ಏರಿದ ಒಂದು ಅಳತೆಯನ್ನು ಇಟ್ಟುಕೊಂಡು ನಾನು ಅಷ್ಟೂ ದಿನ ಹೆದರಿದ್ದೆ.

ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಬಿಳಿ ಕೋಟಿನ ನರ್ಸಮ್ಮ ಒಬ್ಬಳು ಏದುಸಿರು ಬಿಡುತ್ತಾ ನಿಂತಿದ್ದಳು. "ಪಾಟ್ಟಿ ಇನ್ನಿಕ್ಕಿ ವರಲಯೇ ಸಾರ್?" ಎಂದಳು. ಅಜ್ಜಿ ಇವತ್ತು ಬರಲಿಲ್ಲವಲ್ಲ, ಏನಾಯಿತೋ ಎಂದು ನೋಡಲು ಬಂದೆ ಎಂದಳು. ಎಲ್ಲಿಗೆ ಬರಲಿಲ್ಲ ಎಂದು ಕೇಳಿದೆ. ಹಿಂದಿನ ಬೀದಿಯ ಕ್ಲಿನಿಕ್ಕಿನಲ್ಲಿ ಜನರೇಟರ್ ಇದೆ. ಅಜ್ಜಿ ದಿನಾ ಹನ್ನೆರಡೂಕಾಲಿಗೆ ಬಂದು ಅಲ್ಲಿನ ನೆಬ್ಯುಲೈಸರ್ ಹಚ್ಚಿಸಿಕೊಂಡು, ಬಿಸಿಲು ಇಳಿಯುವವರೆಗೆ ಇರು ಎಂದರೂ ಕೇಳದೆ, ಮನೆಯಲ್ಲಿ ಹುಡುಕುತ್ತಾರೆ ಎಂದು ಎರಡು ಗಂಟೆಗೆ ಸರಿಯಾಗಿ ಹೊರಟುಬಿಡುತ್ತಾರೆ ಎಂದಳು. ನಾನು ಅತ್ತೆಯ ಮುಖ ನೋಡಿದೆ. ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

"ಪಾರಾಯಣ ಅಂದ್ಯಲ್ಲ ಅತ್ತೆ?"

"ಮನಸ್ಸಲ್ಲೇ ಮಾಡ್ಕೋತಿದ್ದೆ. ಬಾಯಿಗೆ ತಾನೇ ಮುಖವಾಡ ಹಾಕಿರೋದು?"

ಬ್ಯಾಟರಿಗೆ ಬಿಸಿಲು ತಾಗದಂತೆ ದೇವರನ್ನೇ ಎಬ್ಬಿಸಿ ಜಾಗ ಮಾಡಿಕೊಟ್ಟ ನಾನು, ನನ್ನನ್ನು ಸಾಕಿದವಳನ್ನು ದಿನಾ ಕತ್ತರಿ ಬಿಸಿಲಿನಲ್ಲಿ ಬೀದಿಗೆ ಕಳಿಸುತ್ತಿದ್ದೆ. ಅವಳು ದಾರಿಯಲ್ಲೆಲ್ಲೋ ಕುಸಿದಿದ್ದರೆ ಆ ಹೊತ್ತಿನಲ್ಲಿ ನಾನು ಚಾರ್ಟಿನಲ್ಲಿ ನೂರಾ ಏಳು ಎಂದು ಬರೆಯುತ್ತಿರುತ್ತಿದ್ದೆ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. "ನಂಗೆ ಒಂದು ಮಾತು ಹೇಳಬಾರದಾಗಿತ್ತಾ?" ಎಂದು ಕೇಳಿದೆ.

"ಹೇಳಿದ್ರೆ ನೀನು ಸ್ವಿಚ್ ಹಾಕ್ತಿದ್ದೆ, ಆಮೇಲೆ ಅದರ ಮುಂದೆ ನಡುಗ್ತಾ ನಿಂತಿರ್ತಿದ್ದೆ" ಎಂದಳು ಅತ್ತೆ. "ಬ್ಯಾಟರೀನಾದ್ರೂ ದೇವರ ಮನೇಲಿ ಇಡಬಹುದು. ನಿನ್ನ ಎಲ್ಲಿಡ್ಲಪ್ಪ?"

ಅಂದಿನಿಂದ ಜಮಖಾನ ಹೋಯಿತು, ಚಾರ್ಟು ಹೋಯಿತು. ಮಧ್ಯಾಹ್ನ ಕರೆಂಟು ಹೋದೊಡನೆ ಸ್ವಿಚ್ ನೋಡಿಕೊಳ್ಳುವುದು ನನ್ನದೇ ಕೆಲಸವಾಯಿತು. ಹೆದರಿಕೆ ಹೋಯಿತೆಂದು ಸುಳ್ಳು ಹೇಳಲಾರೆ. ಬ್ಯಾಟರಿಯೊಳಗೆ ನೀರು ಗುಳುಗುಳು ಎಂದರೆ ಈಗಲೂ ಕೈ ಸ್ವಿಚ್ಚಿನ ಕಡೆ ಹೋಗುತ್ತದೆ. ನೆಬ್ಯುಲೈಸರ್ ಶುರುವಾದ ಕೂಡಲೇ ಬಂದು ಅತ್ತೆಯ ಪಕ್ಕದಲ್ಲಿ ಕುಳಿತುಬಿಡುತ್ತೇನೆ. ಅವಳು ಮುಖವಾಡ ಹಾಕಿಕೊಂಡೇ, ನನ್ನ ಕಡೆ ತಿರುಗದೆ, ಕೈ ಚಾಚಿ ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಹತ್ತು ನಿಮಿಷ ಬಿಡುವುದಿಲ್ಲ. ಎದುರು ಮನೆಯವರು ಕಿಟಕಿಯಿಂದ ನೋಡುತ್ತಿರುತ್ತಾರೆ. ಈ ಕಾಲದಲ್ಲೂ ಸೋದರತ್ತೆಯನ್ನು ಹೀಗೆ ನೋಡಿಕೊಳ್ಳುವವರಿದ್ದಾರೆಯೇ ಎಂದು ಅವರು ಪದ್ಮನ ಹತ್ತಿರ ನನ್ನನ್ನು ಹೊಗಳಿದರಂತೆ.